ಎಡ್ಜ್‌ವುಡ್ ಪ್ರಯೋಗವನ್ನು ಕಿರುಚಿತ್ರಕ್ಕೆ ಇಳಿಸಿದ್ದು: ನನ್ನ ಅನುಭವ

ಸೈನಿಕರ ಮೇಲಿನ ಗುಪ್ತ ಮದ್ದಿನ ಪ್ರಯೋಗ ಅಂದರೆ ಚಿತ್ರಕಥೆ ಬರೆಯುವವರು ಮೊದಲು ಕೈಹಾಕುವುದು ಮನಸ್ಸನ್ನು ಹತೋಟಿಗೆ ತರಲು ಸಿಐಎ ನಡೆಸಿದ ಗುಪ್ತ ಯೋಜನೆ ಎಂಕೆ-ಅಲ್ಟ್ರಾಗೆ. ಆದರೆ ಅದರ ಕಡತಗಳಲ್ಲಿ ಬಹುಪಾಲನ್ನು 1973ರಲ್ಲೇ ನಾಶ ಮಾಡಿಬಿಟ್ಟರು. ಸೀನ್ ಕಟ್ಟಲು ಬೇಕಾದ ವಿವರ ಸಿಗುವುದು ಅಮೆರಿಕದ ಸೇನೆ ತಾನೇ ಮೇರಿಲ್ಯಾಂಡ್‌ನ ಎಡ್ಜ್‌ವುಡ್ ಆರ್ಸೆನಲ್‌ನಲ್ಲಿ ನಡೆಸಿದ ಪ್ರಯೋಗಗಳಲ್ಲಿ: 1955ರಿಂದ 1975ರವರೆಗೆ ಸುಮಾರು 6,700 ಸೈನಿಕರು, 250ಕ್ಕೂ ಹೆಚ್ಚು ರಾಸಾಯನಿಕಗಳು. 1962ರಲ್ಲಿ ಅಲ್ಲಿನ ಮನೋವೈದ್ಯ ಜೇಮ್ಸ್ ಕೆಚಮ್ ನಕಲಿ ಸಂಪರ್ಕ ಠಾಣೆಯೊಂದನ್ನು ಕಟ್ಟಿಸಿ, ಮದ್ದು ಕೊಟ್ಟ ಸೈನಿಕರನ್ನು ಅದರೊಳಗೆ ಕೂರಿಸಿ ಚಿತ್ರೀಕರಿಸಿದ್ದರು. ನಮ್ಮ ಸೆಟ್‌ಗೆ ಇದೇ ಮಾದರಿ.

ನಾನು ಆರಿಸಿಕೊಂಡ ಮದ್ದು ಬಿ-ಜೆಡ್. ಸಿನಿಮಾಗಳಲ್ಲಿ ಇದನ್ನು ಕೊಟ್ಟರೆ ಸೈನಿಕ ರಾಕ್ಷಸನಾಗುತ್ತಾನೆ. ನಿಜದಲ್ಲಿ ಅದು ಅವನನ್ನು ಕೆಲಸಕ್ಕೆ ಬಾರದಂತೆ ಮಾಡುವ ಮದ್ದು. ಹಾಗಾಗಿ ಸಂಭಾಷಣೆಗಿಂತ ಮೊದಲು ಗಂಟೆಗಳ ಪಟ್ಟಿ ಬರೆದುಕೊಂಡೆ. ಮೊದಲ ನಾಲ್ಕು ಗಂಟೆ ಬಾಯಿ ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಇಪ್ಪತ್ತು ಗಂಟೆಯವರೆಗೆ ಮಂಪರು, ತೂರಾಡುವ ನಡಿಗೆ. ಆಮೇಲೆ ಮೂರು-ನಾಲ್ಕು ದಿನದವರೆಗೂ ಎಳೆಯಬಹುದಾದ ಪೂರ್ತಿ ಸನ್ನಿ. ಇದು ಕಣ್ಣಿಗೆ ಬಣ್ಣಬಣ್ಣದ ಭ್ರಮೆ ತರಿಸುವ ಎಲ್‌ಎಸ್‌ಡಿಯಲ್ಲ, ಬಣ್ಣದ ಸುರುಳಿ, ಕರಗುವ ಗೋಡೆ ಯಾವುದೂ ಬೇಡ. ಸನ್ನಿಯಲ್ಲಿರುವವನಿಗೆ ಕಾಣುವುದು ದಿನನಿತ್ಯದ ವಸ್ತುಗಳೇ, ಅವು ಅಲ್ಲಿ ಇರುವುದಿಲ್ಲ ಅಷ್ಟೇ.

ಇಲ್ಲದ ಸಿಗರೇಟು ಸೇದುವುದು ಆ ಪ್ರಯೋಗಗಳಲ್ಲಿ ದಾಖಲಾದ ವರ್ತನೆ. ಅದನ್ನು ಮೈಮ್‌ನಂತೆ ಮಾಡಿಸಿದರೆ ಸೀನ್ ಸತ್ತಂತೆ. ನಟನಿಗೆ ರಿಹರ್ಸಲ್‌ನಲ್ಲಿ ನಿಜವಾದ ಸಿಗರೇಟನ್ನೇ ಕೊಡಿ. ಹಚ್ಚುವುದು, ಬೂದಿ ಕೊಡವುವುದು, ಪಕ್ಕದವನಿಗೆ ದಾಟಿಸುವುದು, ಎಲ್ಲವೂ ಕೈಗೆ ಕೂತ ಮೇಲೆ ಟೇಕ್‌ಗೆ ಮುಂಚೆ ಕಿತ್ತುಕೊಳ್ಳಿ. ಬೆರಳುಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ಎದುರಿನ ನಟ ಅದನ್ನು ಈಸಿಕೊಂಡು ತಾನೂ ಸೇದಬೇಕು. ಪ್ರೇಕ್ಷಕನಿಗೆ ನಡುಕ ಹುಟ್ಟುವುದು ಅಲ್ಲೇ.

ಮೇಕಪ್‌ನವರು ಅಭ್ಯಾಸಬಲದಿಂದ ಬೆವರು ತೋರಿಸಲು ಹಣೆಗೆ ಗ್ಲಿಸರಿನ್ ಹಚ್ಚುತ್ತಾರೆ. ಬೇಡವೇ ಬೇಡ. ಬಿ-ಜೆಡ್ ಬೆವರನ್ನೇ ನಿಲ್ಲಿಸುತ್ತದೆ: ಚರ್ಮ ಕೆಂಪಗೆ, ಬಿಸಿಯಾಗಿ, ಒಣಗಿರಬೇಕು, ತುಟಿ ಬಿರಿದಿರಬೇಕು. ಪಾಪೆ ಹಿಗ್ಗಿರಬೇಕು, ಆದರೆ ಸ್ಟುಡಿಯೋ ಬೆಳಕಿಗೆ ನಟನ ಪಾಪೆ ಕುಗ್ಗುತ್ತದೆ. ನಟನ ಕಣ್ಣಿಗೆ ಔಷಧಿ ಬಿಡುವ ಯೋಚನೆ ಮಾಡಬೇಡಿ. ಕ್ಲೋಸಪ್‌ಗೆ ಮಾತ್ರ ನಡುವೆ ಅಗಲವಾದ ಕಪ್ಪು ವೃತ್ತವಿರುವ ಲೆನ್ಸ್ ಹಾಕಿಸಿ. ಬಿ-ಜೆಡ್ ಅರ್ಧ ಮಿಲಿಗ್ರಾಂನಷ್ಟಿದ್ದರೂ ಸಾಕಾಗುತ್ತಿತ್ತು, ಆದ್ದರಿಂದ ಸಿರಿಂಜ್ ತುಂಬ ಹಸಿರು ದ್ರವವೂ ಸುಳ್ಳು.

ಇಂಥ ಚಿತ್ರ ಅಂದರೆ ತಲೆ ಗಡಗಡ ಕಂಪಿಸುವ ಎಫೆಕ್ಟ್ ಎಲ್ಲರಿಗೂ ಬೇಕು. ಸೆಕೆಂಡಿಗೆ 4 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿದರೆ ಚಲನೆ ಆರು ಪಟ್ಟು ವೇಗವಾಗುತ್ತದೆ. ಪರದೆಯ ಮೇಲೆ 2 ಸೆಕೆಂಡ್ ಬೇಕಾದರೆ ನಟ 12 ಸೆಕೆಂಡ್ ತಲೆ ಅಲ್ಲಾಡಿಸಬೇಕು; ಅದಕ್ಕಿಂತ ಹೆಚ್ಚು ಕೇಳಿದರೆ ಕುತ್ತಿಗೆ ಹಿಡಿಯುತ್ತದೆ. ಶಟರ್ 1/8 ಸೆಕೆಂಡ್ ಇಟ್ಟರೆ ಮಾಮೂಲಿ 1/48ಕ್ಕಿಂತ ಎರಡೂವರೆ ಸ್ಟಾಪ್‌ನಷ್ಟು, ಅಂದರೆ ಸುಮಾರು ಆರು ಪಟ್ಟು, ಬೆಳಕು ಹೆಚ್ಚಾಗುತ್ತದೆ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಲೇಬೇಕು. ಹಿಂದೆ ಯಾರಾದರೂ ಕೈ ಆಡಿಸಿದರೆ ಹಾಸ್ಯಚಿತ್ರವಾಗುತ್ತದೆ. ನಾನು ಇದನ್ನು ಬಳಸಲಿಲ್ಲ. ಈ ಕಥೆಗೆ ಕ್ಯಾಮೆರಾ ಕದಲದೆ ನೋಡುವುದೇ ಸರಿ.

ಕಥೆಯ ಬೆನ್ನೆಲುಬು ಜೇಮ್ಸ್ ಸ್ಟ್ಯಾನ್ಲಿಯ ಪ್ರಕರಣದಿಂದ ಬಂತು. 1958ರಲ್ಲಿ ರಕ್ಷಣಾ ಉಡುಪಿನ ಪರೀಕ್ಷೆಗೆಂದು ಮುಂದೆ ಬಂದ ಈ ಸಾರ್ಜೆಂಟ್‌ಗೆ ಹೇಳದೆ ಕೇಳದೆ ಎಲ್‌ಎಸ್‌ಡಿ ಕೊಟ್ಟರು. ಅದು ಅವರಿಗೆ ಗೊತ್ತಾಗಿದ್ದು 1975ರಲ್ಲಿ ಸೇನೆಯಿಂದ ಬಂದ ಪತ್ರದಿಂದ. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರಿಹಾರದ ದಾವೆಯನ್ನು ಒಪ್ಪಲಿಲ್ಲ. ಒಬ್ಬ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ನಾನು ಕಲ್ಪಿಸಿ ಬರೆಯಲಾರೆ. ಅದಕ್ಕೇ ಚಿತ್ರ ಶುರುವಾಗುವುದು ಪ್ರಯೋಗಾಲಯದಲ್ಲಲ್ಲ, ಅಂಚೆಯಲ್ಲಿ ಬಂದ ಪತ್ರದಿಂದ. ಸ್ಟ್ಯಾನ್ಲಿಗೆ ಕೊಟ್ಟದ್ದು ಎಲ್‌ಎಸ್‌ಡಿ, ನನ್ನ ಪಾತ್ರಕ್ಕೆ ಬಿ-ಜೆಡ್. ಹಾಗಾಗಿ 'ನೈಜ ಘಟನೆ ಆಧಾರಿತ' ಎಂಬ ಕಾರ್ಡ್ ಹಾಕಲಿಲ್ಲ. ಸ್ಥಳ, ವರ್ಷ, ಸೈನಿಕರ ಸಂಖ್ಯೆ, ಪಾತ್ರ ಕಲ್ಪಿತ ಎಂಬ ಒಂದು ಸಾಲು, ಇಷ್ಟನ್ನು ಮಾತ್ರ ಕೊನೆಯಲ್ಲಿ ಬರೆಸಿದೆ.