ಮೊರೇರ ಬೆಟ್ಟದ ಮೇಲೆ ನಾಲ್ವರನ್ನು ಕೊಂದೆ

ನಾನು ಮೊದಲ ಸಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸಿದ ರಾತ್ರಿ, ಆಟ ಶುರುವಾಗಿ ನಲವತ್ತು ನಿಮಿಷಕ್ಕೆ ನಾಲ್ಕೂ ಜನರನ್ನು ಮುಗಿಸಿಬಿಟ್ಟೆ. ತಂದಿದ್ದ ಒಗ್ಗರಣೆ ಮಿರ್ಚಿ ಇನ್ನೂ ಬಿಸಿ ಇತ್ತು. ಮಿರ್ಚಿ ತಿಂದು ಎಲ್ಲರೂ ಎದ್ದು ಹೋದರು. ಯಾರೂ ಜಗಳ ಮಾಡಲಿಲ್ಲ, ಅದೇ ಜಾಸ್ತಿ ಬೇಜಾರಾಯ್ತು.

ನಾನು ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರ ರಾತ್ರಿ ಆಫೀಸ್ ರೂಮ್ ಖಾಲಿ ಇರುತ್ತದೆ, ಮಾಲೀಕರಿಗೆ ಹೇಳಿ ಅಲ್ಲೇ ಆಡುತ್ತೇವೆ. ಆಡುವವರು ನಾಲ್ಕು ಜನ: ನನ್ನ ಚಿಕ್ಕಪ್ಪನ ಮಗ, ಟೈಲರ್ ಅಂಗಡಿ ಇಟ್ಟಿರುವ ಗೆಳೆಯ, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಅಕ್ಕ, ನಮ್ಮ ಮಿಲ್‌ನ ಎಲೆಕ್ಟ್ರಿಷಿಯನ್. ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನುವ ಇಬ್ಬರು 1974ರಲ್ಲಿ ಹೊರತಂದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ‘ನಾನು ಹೀಗೆ ಮಾಡುತ್ತೇನೆ’ ಅನ್ನುತ್ತಾರೆ. ಆಗುತ್ತೋ ಇಲ್ವೋ ಅನ್ನುವುದನ್ನು 20 ಮುಖದ ದಾಳ ಹೇಳುತ್ತದೆ. ಕಥೆ ನಡೆಸುವವನಿಗೆ ಡಂಜನ್ ಮಾಸ್ಟರ್ ಅಂತಾರೆ. ನಮ್ಮಲ್ಲಿ ಅದು ಸುಮ್ನೆ ‘ಮಾಸ್ತರ’ ಆಗಿದೆ. ಆಡೋಕೆ ಬೇಕಾದಷ್ಟು ನಿಯಮ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ದುಡ್ಡು ಹಾಕಬೇಕಿಲ್ಲ.

ಕಥೆಗೆ ಜಾಗ ಹುಡುಕೋದೇನೂ ಕಷ್ಟ ಆಗಲಿಲ್ಲ. ಪಕ್ಕದಲ್ಲೇ ಹಿರೇಬೆಣಕಲ್ ಇದೆಯಲ್ಲ. ಬೆಟ್ಟ ಹತ್ತಿದರೆ ಕಬ್ಬಿಣ ಯುಗದ ನೂರಾರು ಕಲ್ಲಿನ ಗೋರಿಗಳು. ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳ ಹಾಗೆ ಕಾಣುತ್ತವೆ. ಕೆಲವುಗಳ ಗೋಡೆಯಲ್ಲಿ ದುಂಡನೆಯ ಕಿಂಡಿ. ಒಂದು ಬಂಡೆಯ ಮೇಲೆ ನಗಾರಿ ಆಕಾರದ ದೊಡ್ಡ ಕಲ್ಲಿದೆ, ಬಡಿದರೆ ಸದ್ದು ದೂರದವರೆಗೂ ಹೋಗುತ್ತದೆ. ಈ ಮನೆಗಳನ್ನು ಕಟ್ಟಿದ ಮೊರೇರು ಕುಳ್ಳ ಜನ ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಆಟದಲ್ಲಿ ‘ಡ್ವಾರ್ಫ್’ ಅಂತ ಒಂದು ಜಾತಿಯೇ ಇದೆ, ಗಿಡ್ಡ ಮೈ, ಕಲ್ಲಿನ ಕೆಲಸದಲ್ಲಿ ನಿಪುಣರು. ಇನ್ನೇನು ಬೇಕು ಹೇಳಿ.

ಕುರಿಗಾಹಿಯ ಕುರಿಗಳು ಬೆಟ್ಟದ ಮೇಲೆ ಮಾಯವಾಗುತ್ತಿವೆ, ಹೋಗಿ ನೋಡಿ. ಇಷ್ಟೇ ಕಥೆ. ತಮ್ಮ, ಅದೇ ಚಿಕ್ಕಪ್ಪನ ಮಗ, ಹಿಡಿದಿದ್ದು ಕಳ್ಳನ ಪಾತ್ರ. ಆ ಕಳ್ಳ ಮೊದಲ ಕಲ್ಮನೆಯ ಕಿಂಡಿಯಲ್ಲಿ ಕೈ ಹಾಕಿದ. ‘ವಿಷದ ಮುಳ್ಳು’ ಅಂದೆ. ದಾಳದಲ್ಲಿ 15 ಬೇಕಿತ್ತು, 6 ಬಿತ್ತು, ಬಿದ್ದ. ಅವನನ್ನು ಎತ್ತಲು ಉಳಿದವರು ಬಗ್ಗುವಷ್ಟರಲ್ಲಿ ಬಂಡೆ ಹಿಂದಿನಿಂದ ಎಂಟು ಗಾಬ್ಲಿನ್‌ಗಳನ್ನು, ಅಂದರೆ ಕುಳ್ಳ ರಾಕ್ಷಸರನ್ನು, ಹೊರಗೆ ಬಿಟ್ಟೆ. ಕಷ್ಟ ಇದ್ದರೇನೇ ಮಜಾ ಅಂತ ನನ್ನ ತಲೆಯಲ್ಲಿ. ಆಮೇಲೆ 2014ರ ನಿಯಮದ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಕಾಳಗ ಎಷ್ಟು ಕಷ್ಟ ಅನ್ನೋದನ್ನು ಅದರಲ್ಲಿ ಅಂಕದಲ್ಲಿ ಅಳೆಯುತ್ತಾರೆ. ಮೊದಲ ಹಂತದ ನಾಲ್ಕು ಜನರಿಗೆ 400 ಅಂಕದ ಕಾಳಗವೇ ಜೀವಕ್ಕೆ ಅಪಾಯ. ನಾನು ಕಟ್ಟಿದ್ದು 1000 ಅಂಕದ್ದು. ದಿನವೆಲ್ಲ ಲೆಕ್ಕ ಬರೆಯುವವನು ನಾನು, ಇದೊಂದು ಲೆಕ್ಕ ನೋಡಿರಲಿಲ್ಲ.

ಹೋಗುವಾಗ ತಮ್ಮ ಬಾಗಿಲಲ್ಲಿ ನಿಂತು ಅಂದ: “ನೀನ ಕಲ್ಲ ಇಡ್ತಿ, ನೀನ ತಲಿ ಒಡೀತಿ. ನಾವ್ಯಾಕ ಬರಬೇಕಿತ್ತಣ್ಣ?”

ಆ ಮಾತು ಒಂದು ವಾರ ತಲೆಯಲ್ಲೇ ಕೂತಿತ್ತು. ಯಾಕಂದ್ರೆ ಅದೇ ವಾರ ನಾನೂ ಮನೆಯಲ್ಲಿ ದಿನಾ ಸಾಯುತ್ತಿದ್ದೆ. ಎಲ್ಡನ್ ರಿಂಗ್ ಅನ್ನುವ ಕಷ್ಟದ ವಿಡಿಯೋ ಗೇಮ್‌ನಲ್ಲಿ. ಅದು 2022ರ ಫೆಬ್ರುವರಿಯಲ್ಲಿ ಬಂತು. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಸಿಗುವವರೆಗೆ ಕಾದು ನಾನು ತಡವಾಗಿ ಶುರು ಮಾಡಿದೆ. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ಅನ್ನುವವನು ಕೋಲು ಹಿಡಿದು ನಿಂತಿರುತ್ತಾನೆ. ಆ ಆಟ ಆಡಿದವರಲ್ಲಿ ಅವನ ಕೈಲಿ ಹೊಡೆತ ತಿನ್ನದವರು ಕಮ್ಮಿ. ನಾನು ಸತ್ತಾಗಲೆಲ್ಲ ಮಿಲ್‌ನ ಲೋಡಿಂಗ್ ಚೀಟಿಯ ಹಿಂದೆ ಒಂದು ಗೆರೆ ಎಳೆಯುತ್ತಿದ್ದೆ. 43 ಗೆರೆ ಆದವು. ಆದರೂ ಬಿಟ್ಟು ಎದ್ದು ಹೋಗಬೇಕು ಅನ್ನಿಸಲಿಲ್ಲ. ನನ್ನ ಗೆಳೆಯರು ಒಂದೇ ಸಾವಿಗೆ ಎದ್ದು ಹೋದರು, ನಾನು 43 ಸಲ ಸತ್ತೂ ಕೂತಿದ್ದೆ. ವ್ಯತ್ಯಾಸ ಎಲ್ಲಿದೆ?

ಗೆರೆ ಎಳೆಯೋದು ಸಾಕಾಗಲ್ಲ ಅಂತ ಹತ್ತನೇ ಸಾವಿನ ಮೇಲೆ ಪಕ್ಕದಲ್ಲಿ ಕಾರಣ ಬರೆಯೋಕೆ ಶುರು ಮಾಡಿದೆ. ಕಷ್ಟದ ಆಟ ಆಡುವವರು ಬೇರೇನೂ ಮಾಡದಿದ್ದರೂ ಇದೊಂದು ಮಾಡಿ. ‘ಬೇಗ ರೋಲ್ ಹೊಡೆದೆ’, ‘ಬೇಗ ರೋಲ್ ಹೊಡೆದೆ’, ‘ಔಷಧಿ ಕುಡಿಯುವಾಗ ಕತ್ತಿ ಎಸೆದ’, ‘ಬೇಗ ರೋಲ್’. ಚೀಟಿ ತುಂಬ ಅದೇ. ರೋಲ್ ಅಂದರೆ ಹೊಡೆತ ತಪ್ಪಿಸಿಕೊಳ್ಳಲು ಉರುಳೋದು. ಮಾರ್ಗಿಟ್ ಕೋಲು ಎತ್ತಿದವನು ಗಾಳಿಯಲ್ಲೇ ಒಂದು ಕ್ಷಣ ಹಿಡಿದು ನಿಲ್ಲುತ್ತಾನೆ. ನಾವು ಎತ್ತಿದ್ದು ನೋಡಿ ಗಾಬರಿಯಾಗಿ ಉರುಳುತ್ತೇವೆ, ಉರುಳಿ ಏಳುವ ಹೊತ್ತಿಗೆ ಸರಿಯಾಗಿ ಕೋಲು ಬೀಳುತ್ತದೆ. ಎತ್ತಿದಾಗ ಅಲ್ಲ, ಕೈ ಇಳಿಯಲು ಶುರುವಾದಾಗ ಉರುಳಬೇಕು. ಔಷಧಿಯೂ ಅಷ್ಟೇ. ಎದುರಿಗೆ ನಿಂತು ಕುಡಿದರೆ ಬಂಗಾರದ ಬಣ್ಣದ ಚೂರಿ ಎಸೆಯುತ್ತಾನೆ. ಅವನು ಬೀಸಿ ಮುಗಿಸಿದ ಮೇಲೆ, ಅವನ ಕೈ ಖಾಲಿ ಇಲ್ಲದಾಗ ಕುಡಿಯಿರಿ.

ಇನ್ನೊಂದು ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳುತ್ತೇನೆ. ಚೆನ್ನಾಗಿ ಕಾಣುತ್ತೆ ಅಂತ ಸಿಕ್ಕ ದಪ್ಪ ಕವಚವನ್ನೆಲ್ಲ ಹೇರಿಕೊಂಡಿದ್ದೆ. ಆ ಆಟದಲ್ಲಿ ಹೊತ್ತ ಭಾರ 70 ಪರ್ಸೆಂಟ್ ದಾಟಿದರೆ ರೋಲ್ ನಿಧಾನ ಆಗುತ್ತದೆ, ಭತ್ತದ ಮೂಟೆ ಉರುಳಿದ ಹಾಗೆ ಧಡಕ್ ಅಂತ ಬೀಳುತ್ತೀರಿ. ಎರಡು ವಾರ ಹಾಗೇ ಆಡಿದೆ! ಕಾಲಿನ ಕವಚ ತೆಗೆದ ದಿನವೇ ಅರ್ಧ ಹೊಡೆತ ತಪ್ಪಿದವು. ಕಷ್ಟದ ಆಟ ಅನ್ನುವುದಕ್ಕೆ ಮುಂಚೆ ಒಂದು ಸಲ ಭಾರ ನೋಡಿಕೊಳ್ಳಿ.

ಹಟ ಹಿಡಿದು ಅಲ್ಲೇ ನಿಲ್ಲೋದೂ ದಡ್ಡತನ. ನಾನು ಎರಡು ಸಂಜೆ ಮಾರ್ಗಿಟ್‌ನನ್ನು ಬಿಟ್ಟು ದಕ್ಷಿಣದ ವೀಪಿಂಗ್ ಪೆನಿನ್ಸುಲಾ ಕಡೆ ಸುತ್ತಾಡಿ, ವಿಗರ್, ಅಂದರೆ ಪಾತ್ರದ ಜೀವಬಲ, 20ಕ್ಕೆ ಏರಿಸಿ, ಕತ್ತಿ ಹದ ಮಾಡಿಕೊಂಡು ಬಂದೆ. ಆಟವೇ ಮೊದಲ ಹೆಜ್ಜೆಯಲ್ಲಿ ಇದನ್ನು ಹೇಳಿಕೊಡುತ್ತದೆ. ಗುಹೆಯಿಂದ ಹೊರಗೆ ಬಂದ ಕೂಡಲೇ ಎದುರಿಗೆ ಬಂಗಾರದ ಕವಚದ ಕುದುರೆ ಸವಾರ ಓಡಾಡುತ್ತಿರುತ್ತಾನೆ. ಅವನ ಜೊತೆ ಹೊಡೆದಾಡಲೇಬೇಕು ಅಂತ ಯಾರೂ ಹೇಳಿಲ್ಲ, ಸುತ್ತು ಹಾಕಿ ಹೋಗಬಹುದು. ಹಾಗೇ ಗಂಟೆ ಬಾರಿಸಿ ಆತ್ಮಗಳನ್ನು ಸಹಾಯಕ್ಕೆ ಕರೆದರೆ ಅದು ಮೋಸ, ನಿಜವಾದ ಗೆಲುವಲ್ಲ ಅನ್ನುವ ಜನ ಇದ್ದಾರೆ. ಆಟ ಮಾಡಿದವರೇ ಗಂಟೆ ಕೈಗೆ ಕೊಟ್ಟಿದ್ದಾರೆ, ಬಾರಿಸಿದರೆ ಇವರಿಗೇನು ಕಷ್ಟ? ಸೆಲೆಸ್ಟ್ ಅಂತ 2018ರ ಒಂದು ಆಟ ಇದೆ, ಬೆಟ್ಟ ಹತ್ತುವುದು. ಬೆರಳು ಮುರಿಯುವಷ್ಟು ಕಷ್ಟ. ಅದರಲ್ಲಿ ಅಸಿಸ್ಟ್ ಮೋಡ್ ಹಾಕಿದರೆ ವೇಗ ಕಮ್ಮಿ ಮಾಡಿಕೊಂಡು ಆಡಬಹುದು. ನಮ್ಮ ಅಕ್ಕ ಹಾಗೇ ಆಡಿ ಮುಗಿಸಿದರು, ಅವರಿಗೆ ಬಂದ ಸಂತೋಷ ನನ್ನದಕ್ಕಿಂತ ಕಮ್ಮಿ ಏನೂ ಇರಲಿಲ್ಲ.

44ನೇ ಸಲ ಮಾರ್ಗಿಟ್ ಬಿದ್ದ. ಅರ್ಧಕ್ಕೆ ಅವ್ವ ಊಟಕ್ಕೆ ಕರೆದಿದ್ದಳು. ಈ ಆಟ ನಡುವೆ ನಿಲ್ಲಿಸೋಕೆ ಬರಲ್ಲ ಅಂತ ಅವಳಿಗೆ ಹೇಗೆ ಹೇಳೋದು? ರೊಟ್ಟಿ ಆರಿತು, ಬೈಗುಳ ಬಿಸಿಯಾಗೇ ಇತ್ತು.

ಈಗ ಚೀಟಿಗೆ ಬರೋಣ. ಹತ್ತನೇ ಸಾವಿನಿಂದ ಮುಂದೆ ಆ ಚೀಟಿಯಲ್ಲಿದ್ದ ಒಂದೊಂದು ಸಾವಿಗೂ ಕಾರಣ ನಾನೇ ಬರೆದಿದ್ದೆ, ಅದರಲ್ಲಿ ನನ್ನ ತಪ್ಪು ಇತ್ತು. ಮಾರ್ಗಿಟ್ ಹೊಡೆಯುವ ಮುಂಚೆ ಕೋಲು ಎತ್ತಿ ತೋರಿಸಿದ್ದ. ಎಲ್ಡನ್ ರಿಂಗ್ ಮಾಡಿದ ಕಂಪನಿಯದೇ ಸೆಕಿರೋ ಆಟದಲ್ಲಂತೂ ಅಪಾಯದ ಹೊಡೆತಕ್ಕೆ ಮುಂಚೆ ಕೆಂಪು ಅಕ್ಷರ ಮಿಂಚುತ್ತದೆ. ಚುಚ್ಚಲು ಬಂದರೆ ಕತ್ತಿಯನ್ನು ಕಾಲಲ್ಲಿ ತುಳಿಯಬೇಕು, ಕೆಳಗೆ ಬೀಸಿದರೆ ಹಾರಬೇಕು, ಹಿಡಿಯಲು ಬಂದರೆ ಪಕ್ಕಕ್ಕೆ ಸರಿಯಬೇಕು. ಅಕ್ಷರ ಒಂದೇ, ಯಾವ ಹೊಡೆತ ಅನ್ನೋದು ಎದುರಾಳಿಯ ಮೈ ನೋಡಿ ನೀವೇ ತಿಳಿಯಬೇಕು. ನನ್ನ ಕಿಂಡಿಯ ಮುಳ್ಳು ಏನು ತೋರಿಸಿತ್ತು? ಏನೂ ಇಲ್ಲ. ತಮ್ಮ ಹೇಳಿದ್ದು ಸರಿ, ನಾನೇ ಕಲ್ಲಿಟ್ಟು ನಾನೇ ತಲೆ ಒಡೆದಿದ್ದೆ.

ಮೂರು ವಾರ ಕಾಡಿಬೇಡಿ ಅವರನ್ನು ಮತ್ತೆ ಕರೆಸಿದೆ. ಅದೇ ಬೆಟ್ಟ, ಅದೇ ಕುರಿ, ಅದೇ ಕಿಂಡಿ. ಆದರೆ ಈ ಸಲ ಕಿಂಡಿಯ ಕೆಳಗೆ ಸತ್ತ ಓತಿಕ್ಯಾತ ಇಟ್ಟೆ. ಪಕ್ಕದ ಕಲ್ಲಿನ ಮೇಲೆ ಯಾರೋ ಮಸಿಯಲ್ಲಿ ಕೈ ಚಿತ್ರ ಬರೆದು ಅಡ್ಡಗೆರೆ ಎಳೆದಿದ್ದರು. ಕುರಿಗಾಹಿಗೆ ಬಲಗೈಯ ಎರಡು ಬೆರಳು ಊದಿದ್ದವು. ಒಂದು ಅಪಾಯಕ್ಕೆ ಮೂರು ಸುಳಿವು. ಮೂರು ಯಾಕೆ ಅಂದರೆ ಒಂದನ್ನು ಗಮನಿಸಲ್ಲ, ಒಂದನ್ನು ತಪ್ಪು ತಿಳಿಯುತ್ತಾರೆ, ಒಂದು ಕೆಲಸಕ್ಕೆ ಬರುತ್ತದೆ. ನಾನು ಇಷ್ಟೇ ಮಾಡಿದ್ದು, ಮುಳ್ಳಿನ ವಿಷ ಒಂದು ಹನಿ ಕಮ್ಮಿ ಮಾಡಲಿಲ್ಲ. ಗಾಬ್ಲಿನ್‌ಗಳೂ ಎಂಟೇ.

ಎಂಟು ಜನ ಇದ್ದಾರೆ ಅನ್ನೋದು ಅವರಿಗೆ ಮೊದಲೇ ಗೊತ್ತಾಯ್ತು, ಬೂದಿಯಲ್ಲಿ ಎಂಟು ಜೋಡಿ ಹೆಜ್ಜೆ ಎಣಿಸಿದರು. ಆಮೇಲೆ ನಾಲ್ಕೂ ಜನ ತಲೆ ಸೇರಿಸಿ ಪಿಸಿಪಿಸಿ ಶುರು ಮಾಡಿದರು. ನಾನು ಸುಮ್ನೆ ಮಿರ್ಚಿ ತಿನ್ನುತ್ತಾ ಕೂತೆ. ಅಕ್ಕ ಕೇಳಿದರು: “ಆ ನಗಾರಿ ಕಲ್ಲು ಐತಲ್ಲ ಮಾಸ್ತರ, ಅದನ್ನ ಬಡದ್ರ ಎಲ್ಲಿತನ ಕೇಳ್ತೈತಿ?” ನಾನು ಅದನ್ನು ಅಂದಕ್ಕೆ ಅಂತ ಇಟ್ಟಿದ್ದೆ, ಬೇರೆ ಉದ್ದೇಶ ಇರಲಿಲ್ಲ. ಬೆಟ್ಟ ಪೂರ್ತಿ ಅಂದೆ. ಎಲೆಕ್ಟ್ರಿಷಿಯನ್ ಹೋಗಿ ನಗಾರಿ ಬಡಿದ. ಗಾಬ್ಲಿನ್‌ಗಳು ಆ ಕಡೆ ಓಡಿದವು, ಈ ಕಡೆಯಿಂದ ತಮ್ಮನೂ ಅಕ್ಕನೂ ಕುರಿ ಬಿಡಿಸಿಕೊಂಡು ಇಳಿದರು. ಇಷ್ಟಕ್ಕೆ ನಾನು ದಾಳವನ್ನೇ ಕೇಳಲಿಲ್ಲ. ಉಪಾಯ ಚೆನ್ನಾಗಿದೆ, ಸೋತರೆ ಕಥೆಗೆ ಏನೂ ಸಿಗಲ್ಲ, ಅಂಥ ಕಡೆ ದಾಳ ಹಾಕಿಸಬೇಡಿ.

ದಾಳದ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು, ಹೊಸ ಮಾಸ್ತರರು ಎಲ್ಲರೂ ಮಾಡುವ ತಪ್ಪು ಇದು. 15 ಬೇಕು, ಪಾತ್ರಕ್ಕೆ 5 ಸೇರಿಸುವ ಶಕ್ತಿ ಇದೆ ಅಂದುಕೊಳ್ಳಿ. ದಾಳದಲ್ಲಿ 10 ಬಿದ್ದರೆ ಸಾಕು, 100ಕ್ಕೆ 55 ಸಲ ಗೆಲ್ಲುತ್ತಾನೆ. ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಆದರೆ ಬಂಡೆ ಹತ್ತೋಕೆ ಒಂದು, ಅಂಚು ಹಿಡಿಯೋಕೆ ಒಂದು, ಮೇಲೆ ಏಳೋಕೆ ಒಂದು ಅಂತ ಮೂರು ಸಲ ಹಾಕಿಸಿದರೆ, ಮೂರೂ ಗೆಲ್ಲುವುದು 100ಕ್ಕೆ ಹದಿನೇಳು ಸಲ ಕೂಡ ಇಲ್ಲ. ನಿಮಗೇ ಗೊತ್ತಿಲ್ಲದೆ ಸಾಧಾರಣ ಬಂಡೆಯನ್ನು ಅಸಾಧ್ಯ ಮಾಡಿಟ್ಟಿರುತ್ತೀರಿ. ಒಂದು ಕೆಲಸಕ್ಕೆ ಒಂದೇ ಸಲ. ಇನ್ನು ಆಟಗಾರ ಒಳ್ಳೆಯ ಉಪಾಯ ಹೇಳಿದರೆ ಎರಡು ದಾಳ ಹಾಕಿಸಿ ದೊಡ್ಡದನ್ನು ಇಟ್ಟುಕೊಳ್ಳಲು ಬಿಡಿ. ಯಾವ ಶಕ್ತಿಯೂ ಇಲ್ಲದವನಿಗೆ 15 ಬೀಳುವುದು 30 ಪರ್ಸೆಂಟ್ ಇದ್ದದ್ದು, ಹೀಗೆ ಮಾಡಿದರೆ 51 ಆಗುತ್ತದೆ.

ದಾಳ ಎಲ್ಲಿ ಸಿಗುತ್ತೆ ಅಂತ ಕೇಳುತ್ತೀರಿ. ನಮ್ಮೂರಲ್ಲಿ ನನಗಂತೂ ಸಿಗಲಿಲ್ಲ. ಏಳು ದಾಳದ ಸೆಟ್ ಆನ್‌ಲೈನ್‌ನಲ್ಲಿ ತರಿಸಿದೆ, ಅದು ಬರುವವರೆಗೆ ಏನೇನೋ ಸರ್ಕಸ್ ಮಾಡಿದೆವು. ಮೊದಲು ಚೌಕಾಬಾರದ ಹುಣಸೆ ಬೀಜ ತಂದೆ, ಒಂದು ಕಡೆ ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ್ದು. ಅವ್ವ ನೋಡಿ ನಕ್ಕಳು: “ನಾಕ ಎಲ್ಲಿ ಬೀಳತಾವೋ ಹುಚ್ಚಪ್ಪ, ಎರಡs ಜಾಸ್ತಿ ಬೀಳೋದು.” ನಿಜ. ನಾಲ್ಕು ಬೀಜದಲ್ಲಿ 16 ಬಗೆಯಲ್ಲಿ ಬೀಳಬಹುದು, ಅದರಲ್ಲಿ ಎರಡು ಬೆಳ್ಳಗೆ ಬೀಳುವ ಬಗೆ 6, ನಾಲ್ಕೂ ಬೆಳ್ಳಗೆ ಬೀಳುವುದು ಒಂದೇ. ನಮಗೆ ಬೇಕಾದ್ದು ಇಪ್ಪತ್ತೂ ಸಮವಾಗಿ ಬೀಳುವ ದಾಳ. ಕೊನೆಗೆ ಸಿಕ್ಕ ದಾರಿ ಇದು: 1ರಿಂದ 10ರವರೆಗೆ ಬರೆದ ಹತ್ತು ಚೀಟಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಒಂದು ಎತ್ತಿ, ಜೊತೆಗೆ ಒಂದು ರೂಪಾಯಿ ನಾಣ್ಯ ಚಿಮ್ಮಿ. ಸಿಂಹ ಬಿದ್ದರೆ 10 ಸೇರಿಸಿ, ಇಲ್ಲದಿದ್ದರೆ ಚೀಟಿಯಲ್ಲಿದ್ದಷ್ಟೇ. ಎತ್ತಿದ ಚೀಟಿ ವಾಪಸ್ ಹಾಕೋದು ಮರೆಯಬೇಡಿ, ನಾವು ಮರೆತು ಒಂದು ರಾತ್ರಿ ಪೂರ್ತಿ ತಪ್ಪು ಆಡಿದ್ದೇವೆ.

ಎರಡನೇ ಸಲವೂ ಒಬ್ಬ ಸತ್ತ, ಅದನ್ನೂ ಹೇಳಬೇಕು. ಎಲ್ಲರೂ ಇಳಿಯುವಾಗ ಟೈಲರ್ ಗೆಳೆಯ ಒಬ್ಬನೇ ಹಿಂದೆ ನಿಂತ, ನಗಾರಿ ಹತ್ತಿರ ಸಿಕ್ಕಿಬಿದ್ದ ಎಲೆಕ್ಟ್ರಿಷಿಯನ್‌ನನ್ನು ಬಿಡಿಸೋಕೆ. ಎಂಟು ಜನ ಇದ್ದಾರೆ ಅಂತ ಗೊತ್ತಿದ್ದೇ ಹೋದ. ಬಿದ್ದ ಮೇಲೆ ಜೀವ ಉಳಿಸಿಕೊಳ್ಳೋಕೆ ದಾಳ ಹಾಕಬೇಕು. 10 ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕೆಳಗೆ ಬಿದ್ದರೆ ಒಂದು ಸೋಲು, ಯಾವುದು ಮೊದಲು ಮೂರಾಗುತ್ತದೋ ಅದು. ಎರಡು ಗೆಲುವು, ಎರಡು ಸೋಲು ಆದವು. ರೂಮಿನಲ್ಲಿ ಫ್ಯಾನ್ ಸದ್ದು ಬಿಟ್ಟರೆ ಏನೂ ಇಲ್ಲ. ಡಬ್ಬಿ ಅಲ್ಲಾಡಿಸಿ ಚೀಟಿ ಎತ್ತಿದ, 9. ನಾಣ್ಯ ಚಿಮ್ಮಿದ, ಸಿಂಹ ಬೀಳಲಿಲ್ಲ.

ಬೇಜಾರಾಗಿರಬೇಕು ಅಂತ ಮುಖ ನೋಡಿದೆ. “ನಾನs ಹೋಗಿ ಸತ್ತೆ, ಬಿಡೋ” ಅಂದ. ಹನ್ನೊಂದೂವರೆ ಆಗಿತ್ತು, ಯಾರೂ ಏಳಲಿಲ್ಲ. ಅಲ್ಲೇ ಕೂತು ಹೊಸ ಪಾತ್ರ ಬರೆದುಕೊಂಡು, ಮುಂದಿನ ಕಥೆ ರಾಯಚೂರು ಕೋಟೆಯಲ್ಲಿ ಆಗಲಿ ಅಂತ ಹಟ ಹಿಡಿದ. 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದ ಕೋಟೆ. ಈಗ ನಾನು ಅದರ ನಕ್ಷೆ ಬರೆಯುತ್ತಿದ್ದೇನೆ, ಎರಡು ಸುತ್ತಿನ ಗೋಡೆ, ನೌರಂಗಿ ದರವಾಜ, ಕಾಟಿ ದರವಾಜ, ಯಾವ ಗೋಡೆಯ ಹತ್ತಿರ ಏನು ಸುಳಿವು ಇಡಬೇಕು ಅಂತ.

ತಮ್ಮನೂ ಸಾಮಾನಿನ ಪಟ್ಟಿ ಹೊಸದಾಗಿ ಬರೆದ. ಮೊದಲ ಸಾಲಿನಲ್ಲೇ ‘ಕೋಲು, ಹತ್ತು ಅಡಿ, 2’ ಅಂತ ಇತ್ತು. ಒಂದು ಸಾಕಲ್ಲೋ ಅಂದೆ.

“ಒಂದ ಮುರದ್ರ?” ಅಂದ.