ತಾರಸಿ ಸೋಲಾರ್: ಮೊದಲು ನೆರಳು ಅಳೆಯಿರಿ

ನಮ್ಮ ಭಾವನವರ ಮನೆ ಬನಶಂಕರಿಯಲ್ಲಿ, ಮೂವತ್ತು-ನಲವತ್ತರ ಸೈಟು. ಸೋಲಾರ್ ಹಾಕುವವರು ಏಪ್ರಿಲ್ ಕೊನೆಯ ವಾರ ಮಟಮಟ ಮಧ್ಯಾಹ್ನ ಬಂದು ತಾರಸಿ ನೋಡಿದರು. 'ಎಲ್ಲೂ ನೆರಳೇ ಇಲ್ಲ ಸಾರ್' ಅಂದರು. ಎಲ್ಲಿಂದ ಬರಬೇಕು? ಏಪ್ರಿಲ್ 24ರ ಆಸುಪಾಸು ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಇರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಡಿಸೆಂಬರ್ ಬಂತು, ನೀರಿನ ಟ್ಯಾಂಕಿನ ನೆರಳು ಎರಡು ಪ್ಯಾನೆಲ್ ಮೇಲೆ ಆರಾಮಾಗಿ ಮಲಗಿತು.

ಮೊದಲು ಒಂದು ವರ್ಷದ ಬೆಸ್ಕಾಂ ಬಿಲ್ ತೆಗೆದು ನೋಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಸುಮ್ನೆ ದುಡ್ಡು ಸುರಿಯಬೇಡಿ. ಇಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಲೆಕ್ಕ, ಜಾಗ ಸುಮಾರು 100 ಚದರಡಿ. ತಿಂಗಳಿಗೆ 350 ಯೂನಿಟ್ ಉರಿಸುವ ಮನೆಗೆ 3 ಕಿಲೋವ್ಯಾಟ್ ಸಾಕು.

ಈಗ ನೆರಳು. ಇದಕ್ಕೆ ಡಿಸೆಂಬರ್‌ವರೆಗೆ ಕಾಯಬೇಕಿಲ್ಲ, ಟೇಪು, ಸೀಮೆಸುಣ್ಣ ಇದ್ದರೆ ಆಯಿತು. ಆ ತಿಂಗಳ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಚಾಚುತ್ತದೆ. ಮಧ್ಯಾಹ್ನ ಅದರ ಉದ್ದ, ವಸ್ತುವಿನ ಎತ್ತರದ ಮುಕ್ಕಾಲು ಪಾಲು. ಬೆಳಿಗ್ಗೆ 9ಕ್ಕೆ ವಾಯವ್ಯದ ಕಡೆಗೆ ಸುಮಾರು ಒಂದೂಮುಕ್ಕಾಲು ಪಟ್ಟು, ಸಂಜೆ ಮೂರೂವರೆಗೆ ಈಶಾನ್ಯಕ್ಕೆ ಅಷ್ಟೇ. ಸ್ಟ್ಯಾಂಡ್ ಸೇರಿ 8 ಅಡಿ ಎತ್ತರದ ಟ್ಯಾಂಕ್ ಅಂದರೆ ಮಧ್ಯಾಹ್ನ 6 ಅಡಿ, ಬೆಳಿಗ್ಗೆ 14 ಅಡಿ. ಅಷ್ಟನ್ನೂ ನೆಲದ ಮೇಲೆ ಗೆರೆ ಎಳೆಯಿರಿ. ಹೆಡ್‌ರೂಮ್, ಪ್ಯಾರಾಪೆಟ್, ಪಕ್ಕದ ಮನೆ ತೆಂಗಿನಮರ, ಒಂದನ್ನೂ ಬಿಡಬೇಡಿ. ಗೆರೆಯೊಳಗೆ ಪ್ಯಾನೆಲ್ ಬೇಡ.

ವಾಸ್ತು ಅಂತ ಟ್ಯಾಂಕನ್ನು ನೈಋತ್ಯದಲ್ಲೇ ಕೂರಿಸುವ ಊರು ನಮ್ಮದು. ಹಾಗಾಗಿ ಮಧ್ಯಾಹ್ನದ ಮೇಲೆ ಅದರ ನೆರಳು ನೇರ ತಾರಸಿ ನಡುವಿಗೇ ಬರುತ್ತದೆ. ಟ್ಯಾಂಕನ್ನು ಉತ್ತರದ ಅಂಚಿಗೆ ಸರಿಸಿ ಅನ್ನುವುದು ನನ್ನ ಸಲಹೆ. ಮನೆಯಲ್ಲಿ ಹಿರಿಯರು ಒಪ್ಪದಿದ್ದರೆ ಪ್ಯಾನೆಲ್‌ಗಳನ್ನೇ ಎತ್ತರದ ಕಂಬದ ಮೇಲೆ ಕೂರಿಸಿ, ಕೆಳಗೆ ಬಟ್ಟೆ ಒಣಗಿಸಬಹುದು. ದಕ್ಷಿಣದ ಸೈಟ್ ಖಾಲಿ ಇದ್ದರೆ ಖಾಲಿಯೇ ಇರುತ್ತೆ ಅಂತ ಮಾತ್ರ ನಂಬಬೇಡಿ.

ಮೂಲೆಗೆ ನೆರಳು ಬಿದ್ದರೆ ಮೂಲೆಯಷ್ಟೇ ನಷ್ಟ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಪ್ಯಾನೆಲ್‌ನಲ್ಲಿ ಕರೆಂಟ್ ತಯಾರಿಸುವ ಚಿಕ್ಕ ಬಿಲ್ಲೆಗಳನ್ನು, ಅಂದರೆ ಸೆಲ್‌ಗಳನ್ನು, ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿರುತ್ತಾರೆ. ಒಂದು ಸೆಲ್ ಪೂರ್ತಿ ಮುಚ್ಚಿದರೂ ಪ್ಯಾನೆಲ್‌ನ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು.

ಇನ್ನು ಅರ್ಜಿ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ಹಾಕಿ, ಅಲ್ಲಿ ನೋಂದಾಯಿಸಿದ ವೆಂಡರ್‌ನನ್ನೇ ಹಿಡಿಯಿರಿ. 2024ರಲ್ಲಿ ಶುರುವಾದ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಸೆಲ್ ಕೂಡ ದೇಶದಲ್ಲೇ ತಯಾರಾದ ಪ್ಯಾನೆಲ್ ಆಗಿದ್ದರೆ ಮಾತ್ರ ಸಬ್ಸಿಡಿ. 'ಇಂಪೋರ್ಟೆಡ್ ಮಾಲು, ಕಡಿಮೆಗೆ ಕೊಡ್ತೀನಿ' ಅನ್ನುವವನಿಗೆ ಕಾಫಿ ಕೊಟ್ಟು ಕಳಿಸಿ.

ಕಂಬ, ಆಂಗಲ್ ಎಲ್ಲಾ ಹಾಟ್ ಡಿಪ್ ಗ್ಯಾಲ್ವನೈಸ್ಡ್, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು ಆಗಿರಲಿ. ಬಣ್ಣ ಬಳಿದ ಕಬ್ಬಿಣ ಕೊಟ್ಟರೆ ವಾಪಸ್ ಕಳಿಸಿ, ಮಳೆಗೆ ತುಕ್ಕಿನ ನೀರು ಗೋಡೆಗೆ ಇಳಿಯುತ್ತೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, 10ರಿಂದ 15 ಡಿಗ್ರಿ ವಾಲಲಿ. ಅರ್ಥಿಂಗ್ ಗುಂಡಿ ತೋಡುವಾಗ ಪಕ್ಕದಲ್ಲೇ ನಿಂತಿರಿ. ಆಮೇಲೆ ಬೆಸ್ಕಾಂನವರು ನೋಡಿ ನೆಟ್ ಮೀಟರ್ ಹಾಕುತ್ತಾರೆ, ಲೈನಿನಿಂದ ನೀವು ತೆಗೆದುಕೊಂಡ ಕರೆಂಟು, ಲೈನಿಗೆ ಕೊಟ್ಟ ಕರೆಂಟು ಎರಡನ್ನೂ ಅಳೆಯುವ ಮೀಟರ್ ಅದು.

ಕರೆಂಟ್ ಹೋದರೆ ಬ್ಯಾಟರಿ ಇಲ್ಲದ ಈ ಸೋಲಾರೂ ಆಫ್ ಆಗುತ್ತೆ. ನಿಮ್ಮ ಸೋಲಾರ್ ಕರೆಂಟ್ ಲೈನಿಗೆ ಹರಿದು, ರಿಪೇರಿ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ಮನೆಯ ಹಳೆ ಯುಪಿಎಸ್ ಮಾರಬೇಡಿ.

ತೊಳೆಯಲು ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಕಾವೇರಿ ನೀರು ಎರಡು ಬಕೆಟ್, ಮೆತ್ತನೆ ಬಟ್ಟೆ, ಬಿಸಿಲೇರುವ ಮುಂಚೆ.