ಅಗೆಯುವಾಗ ಹಳೆಯ ಫಿರಂಗಿ ಗುಂಡು ಸಿಕ್ಕರೆ ಏನು ಮಾಡಬೇಕು

ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಪಾಯ ತೋಡುವಾಗಲೋ ಗದ್ದೆಯ ಬದು ಕಡಿಯುವಾಗಲೋ ತುಕ್ಕು ಹಿಡಿದ ಕಬ್ಬಿಣದ ಉಂಡೆಯೊಂದು ಗುದ್ದಲಿಗೆ ತಾಗಿದರೆ, ಅದನ್ನು ತೊಳೆದು ಷೋಕೇಸಿನಲ್ಲಿ ಇಡಬೇಕೆಂಬ ಆಸೆ ಹುಟ್ಟುವುದು ಸಹಜ. 1792ರಲ್ಲಿ ಮತ್ತು 1799ರಲ್ಲಿ ಮುತ್ತಿಗೆಯನ್ನು ಕಂಡ ನೆಲವಿದು. ದಯವಿಟ್ಟು ಅದನ್ನು ಮುಟ್ಟಬೇಡಿ.

ಇಂಥ ಉಂಡೆಗಳಲ್ಲಿ ಕೆಲವು ಗಟ್ಟಿ ಎರಕದವು, ಕೆಲವು ಒಳಗೆ ಟೊಳ್ಳಾಗಿದ್ದು ಮದ್ದು ತುಂಬಿದವು. ಟೊಳ್ಳು ಗುಂಡಿಗೆ ಬತ್ತಿ ಕೂರಿಸುವ ತೂತೊಂದು ಇರುತ್ತದೆಯಾದರೂ, ಮಣ್ಣೂ ತುಕ್ಕೂ ಹೆಪ್ಪುಗಟ್ಟಿ ಅದು ಮುಚ್ಚಿಹೋಗುವುದರಿಂದ, ಕೈಯಲ್ಲಿ ಹಿಡಿದು ನೋಡಿದರೂ ಯಾವುದು ಯಾವುದೆಂದು ಹೇಳಲಾಗದು. "ಇನ್ನೂರು ವರ್ಷ ಹಳೆಯದು, ಈಗೇನಾದೀತು" ಎನ್ನುವ ಮಾತೇ ನನಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಕರಿಮದ್ದು ಹಳೆಯದಾದ ಮಾತ್ರಕ್ಕೆ ಕೆಡುವುದಿಲ್ಲ. ತೇವ ಕುಡಿದದ್ದು ಕೂಡ ಒಣಗಿದ ಮೇಲೆ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೆಯ ಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಾಗ, ಕೊಳವೆಗಳ ಒಳಗೆ ಮದ್ದಿನ ಪುಡಿ ಉಳಿದೇ ಇತ್ತು. ಅಮೆರಿಕದ ವರ್ಜೀನಿಯಾದಲ್ಲಿ, ಅಲ್ಲಿನ ಅಂತರ್ಯುದ್ಧದ ಗುಂಡುಗಳನ್ನು ವರ್ಷಗಟ್ಟಲೆ ಶುಚಿಗೊಳಿಸಿ ಪಳಗಿದ್ದ ಸಂಗ್ರಾಹಕರೊಬ್ಬರು, 2008ರಲ್ಲಿ ಅಂಥದೇ ಒಂದು ಗುಂಡು ಮನೆಯಂಗಳದಲ್ಲಿ ಸಿಡಿದು ತೀರಿಕೊಂಡರು. ತುಕ್ಕು ಉಜ್ಜುವ ಗ್ರೈಂಡರಿನ ಕಿಡಿ, ಡ್ರಿಲ್ಲಿನ ಬಿಸಿ, ಗುಜರಿ ಅಂಗಡಿಯ ಗ್ಯಾಸ್ ಕಟರು, ಇವುಗಳಲ್ಲಿ ಯಾವುದೊಂದಾದರೂ ಸಾಕು.

ಈಚಿನ ಶೆಲ್ಲು, ಗ್ರೆನೇಡುಗಳ ಅಪಾಯ ಇನ್ನೂ ಹೆಚ್ಚು. ಹಾರಿಯೂ ಸಿಡಿಯದೆ ಉಳಿದ ಶೆಲ್ಲಿನಲ್ಲಿ, ಅದನ್ನು ಸಿಡಿಸುವ ಫ್ಯೂಸು ಸಿಡಿಯಲು ಸಜ್ಜಾಗಿಯೇ ನಿಂತಿರಬಹುದು. ಸಣ್ಣ ಕುಲುಕಾಟಕ್ಕೂ ಅದು ಸಿಡಿಯಬಹುದು. ಸೈನ್ಯದಲ್ಲಿದ್ದವರು ನೆನಪಿಗೆಂದು ತಂದಿಟ್ಟ ಶೆಲ್ಲಿನ ಹಿತ್ತಾಳೆಯ ಖಾಲಿ ಕೊಳವೆಯಲ್ಲೂ, ತಳದಲ್ಲಿ ಅಂಗಿಯ ಗುಂಡಿಯಂತಿರುವ ಪ್ರೈಮರು, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಭಾಗ, ಒಡೆಯದೆ ಉಳಿದಿರಬಹುದು.

ಹೀಗಿರುವಾಗ, ಉಂಡೆ ಕಂಡೊಡನೆ ಹಾರೆ ಗುದ್ದಲಿಗಳನ್ನು ನಿಲ್ಲಿಸಿ. ಅದರ ಮೇಲೆ ನೀರು ಸುರಿಯಬೇಡಿ, ಬಡಿದು ಸದ್ದು ಕೇಳಲು ಹೋಗಬೇಡಿ, ಮಣ್ಣು ಮುಚ್ಚಲೂ ಬೇಡಿ. ಬಂದ ದಾರಿಯಲ್ಲೇ ಹಿಂದಿರುಗಿ, ದೂರದಲ್ಲಿ ಕೋಲೊಂದಕ್ಕೆ ಬಿಳಿ ಬಟ್ಟೆ ಕಟ್ಟಿ ಗುರುತು ಮಾಡಿ, ಮಕ್ಕಳನ್ನೂ ದನಕರುಗಳನ್ನೂ ಆಚೆ ಕಳುಹಿಸಿ. ಅಲ್ಲಿಂದ ಸಾಕಷ್ಟು ದೂರ ಬಂದ ಮೇಲೆಯೇ 112ಕ್ಕೆ ಕರೆ ಮಾಡಿ, ಊರು, ಹತ್ತಿರದ ಕಾಲುವೆ ಅಥವಾ ಗುಡಿ, ಉಂಡೆಯ ಅಂದಾಜು ಗಾತ್ರ, ಎಷ್ಟು ಆಳದಲ್ಲಿದೆ ಎಂಬುದನ್ನು ಹೇಳಿ. ಬಾಂಬ್ ನಿಷ್ಕ್ರಿಯ ದಳವನ್ನು ಪೊಲೀಸರೇ ಕರೆಸುತ್ತಾರೆ.

ಅಂಥದೊಂದು ಈಗಾಗಲೇ ನಿಮ್ಮ ಮನೆಯ ಅಟ್ಟದಲ್ಲೋ, ಬಾಗಿಲು ತಡೆಯಲು ಹೊಸಿಲ ಬಳಿಯೋ ಇದ್ದರೆ, ಗೋಣಿಚೀಲಕ್ಕೆ ಹಾಕಿ ಸ್ಕೂಟರಿನಲ್ಲೋ ಬಸ್ಸಿನಲ್ಲೋ ಠಾಣೆಗೆ ಕೊಂಡೊಯ್ಯಬೇಡಿ, ರಾತ್ರೋರಾತ್ರಿ ನಾಲೆಗೂ ಎಸೆಯಬೇಡಿ. ಅದು ಇದ್ದಲ್ಲೇ ಇರಲಿ. ಒಲೆ ಆರಿಸಿ, ಮನೆಮಂದಿಯನ್ನೆಲ್ಲ ಹೊರಗೆ ಕರೆತಂದು, ಅಕ್ಕಪಕ್ಕದವರಿಗೂ ತಿಳಿಸಿ, ಪೊಲೀಸರು ಬರುವವರೆಗೆ ಬೀದಿಯ ಆಚೆ ತುದಿಯಲ್ಲಿ ಕಾಯಿರಿ.